ಐದಡಿ ಎರಡಿಂಚು

ಮೋತಿ ವೃತ್ತದಿಂದ ಆಚೆ, ಗಾಜಿನ ಬಾಗಿಲ ಅಂಗಡಿ.
ಒಳಗೆ ಹದಿನಾಲ್ಕು ಟಬ್ಬುಗಳು ಬಾಯಿ ತೆರೆದು ಕೂತಿವೆ,
ಗೋಡೆಗೆ ಆನಿಕೊಳ್ಳದೆ, ಯಾರ ಹಂಗೂ ಇಲ್ಲದೆ,
ದಾರಿ ನಡುವೆ ಮಲಗಿದ ದನಗಳ ಹಾಗೆ.

ಒಂದೊಂದನ್ನೂ ಬೆರಳ ಗಣ್ಣಿನಿಂದ ಬಡಿದೆ.
ಅವ್ವ ಕುಂಬಾರ ಓಣಿಯಲ್ಲಿ ಗಡಿಗೆ ಕೊಳ್ಳುತ್ತಿದ್ದುದು ಹೀಗೆ:
ಬಡಿದು, ಕಿವಿಗೊಟ್ಟು, "ಇದಕ್ಕ ಬಿರುಕು ಐತಿ" ಎಂದು ಸರಿಸಿ.
ಅಕ್ರಿಲಿಕ್ಕು ಏನೂ ಹೇಳಲಿಲ್ಲ.
ಎರಕದ ಕಬ್ಬಿಣದ್ದು ಮಾತ್ರ
ಶಾಲೆಯಲ್ಲಿ ತೂಗುಹಾಕಿದ ರೈಲುಹಳಿಯ ತುಂಡಿನಂತೆ
ಬಹಳ ಹೊತ್ತು ನುಡಿಯಿತು.

"ನೂರಾ ನಲವತ್ತು ಕಿಲೋ, ಮೇಡಂ. ಹೊರದೇಶದ್ದು."

ಸಂಡೂರು ಗುಡ್ಡದ ಮಣ್ಣು ನಮ್ಮ ಬಾಗಿಲ ಮುಂದೆಯೇ
ಲಾರಿ ಲಾರಿ ಹೋಯಿತು,
ಒಣಹಾಕಿದ ಬಿಳಿ ಅಂಗಿಗಳನ್ನೆಲ್ಲ ಕೆಂಪು ಮಾಡಿ.
ಅದೇ ಈಗ ಬಿಳಿ ಬಳಿದುಕೊಂಡು ತಿರುಗಿ ಬಂದಿದೆಯೋ ಏನೋ.
ಗುರುತು ಸಿಕ್ಕವಳಂತೆ ಅಂಚನ್ನೊಮ್ಮೆ ಸವರಿದೆ.
ಆದರೆ ಗಾರೆ ಯರ್ರಿಸ್ವಾಮಿ ಮೊದಲೇ ಹೇಳಿದ್ದ:
"ಮ್ಯಾಲಿನ ಸ್ಲ್ಯಾಬು ತಡಿಯಂಗಿಲ್ಲಕ್ಕ,
ನೀರು ತುಂಬಿ ನೀವು ಕುಂತ್ರ
ಸೀದಾ ಕೆಳಗ ಅಡಿಗಿಮನ್ಯಾಗ ಇಳಿತೀರಿ."

ಮನೆಯಲ್ಲಿ ಇದಕ್ಕೆ ವಾರವಿಡೀ ಪಂಚಾಯ್ತಿ.
ಅತ್ತೆ ಎಲೆಗೆ ಸುಣ್ಣ ಸವರುತ್ತ ಕೇಳಿದರು:
"ಕೂಸಿಗೆ ಕಾಲಮ್ಯಾಲೆ ಹಾಕ್ಕೊಂಡು ಎರೀತೀವಿ,
ಬಾಣಂತಿಗೆ ಮಣಿಮ್ಯಾಲೆ ಕುಂದ್ರಿಸಿ ಎರೀತೀವಿ,
ಹೆಣಕ್ಕ ಸೈತ ಕುಂದ್ರಿಸೇ ಎರೀತೀವಿ.
ನೀರಾಗ ಮಲಗೋದು ಎಮ್ಮಿ. ನೀ ಯಾವಾಗ ಆದಿ?"

ನಕ್ಕೆ. ಉತ್ತರ ಇರಲಿಲ್ಲ.
ನಮ್ಮ ಮಾತಿನಲ್ಲಿ ಸ್ನಾನವೆಂದರೆ ಎರೆಯುವುದು,
ಮೇಲಿಂದ ಬಂದು, ಜಾರಿ, ಹೋಗಿಬಿಡುವುದು.
ಸ್ವಲ್ಪ ಹೊತ್ತು ಇದ್ದು ಹೋಗುವ ನೀರಿಗೆ
ಯಾರೂ ಹೆಸರಿಟ್ಟಿಲ್ಲ.

ಹತ್ತೊಂಬತ್ತು ವರ್ಷ ಮುಂಡರಗಿ ಕಡೆಯ ಶೆಡ್ಡಿನಲ್ಲಿ
ಜೀನ್ಸ್ ಪ್ಯಾಂಟುಗಳಿಗೆ ನೀರು ಉಣಿಸಿದ್ದೇನೆ.
ಬಿಸಿನೀರು, ತಣ್ಣೀರು, ಕಲ್ಲು ಹಾಕಿದ ನೀರು.
ಯಾರದೋ ತೊಡೆಗೆಂದು ಹೊಲಿದ ಬಟ್ಟೆ
ನಲವತ್ತು ನಿಮಿಷ ಹಾಯಾಗಿ ಹೊರಳುತ್ತಿತ್ತು,
ನಾನು ನಿಂತು ಗಡಿಯಾರ ನೋಡುತ್ತಿದ್ದೆ.
ಮನೆಗೆ ಬಂದರೆ ಎರಡು ಬಕೀಟು,
ಅದೂ ಮಗಳು ಕದ ಬಡಿಯುವುದರೊಳಗೆ.
ಉಗುರಿನ ಬುಡದ ನೀಲಿ ಇನ್ನೂ ಬಿಟ್ಟಿಲ್ಲ.

ಚಪ್ಪಲಿ ಕಳಚಿದೆ. ಸೆರಗು ಸಿಕ್ಕಿಸಿದೆ. ಒಳಗಿಳಿದೆ.
ಗಂಡ ಬೆಲೆಪಟ್ಟಿಯಲ್ಲಿ ಮುಖ ಹುದುಗಿಸಿದ.
ಅಂಗಾತ ಮಲಗಿದರೆ ಅಂಗಡಿಯ ಫ್ಯಾನು,
ರೆಕ್ಕೆಯ ಮೇಲಿನ ಧೂಳು, ಒಂದು ಹಲ್ಲಿ.
ಇಷ್ಟೇ. ಆದರೂ ಏಳಲು ಮನಸ್ಸಾಗಲಿಲ್ಲ.
ಆರಡಿಯದರಲ್ಲಿ ಕಾಲಿಗೆ ಆಸರೆ ಸಿಗದೆ ಜಾರಿದೆ,
ನಾಲ್ಕೂವರೆಯದರಲ್ಲಿ ಮೊಣಕಾಲು ಎದ್ದು ನಿಂತವು.
ಐದಡಿ ಎರಡಿಂಚಿನದು ಬೆನ್ನು ಹಿಡಿಯಿತು.

ಅಳತೆಪಟ್ಟಿಯ ಹುಡುಗ ಬಗ್ಗಿದ, ಮೆಲ್ಲಗೆ:
"ಅಕ್ಕಾ, ಗುರ್ತು ಸಿಗಲಿಲ್ಲೇನು? ಶೇಕ್ಷಾವಲಿ. ಎರಡನೇ ಮಷೀನು.
ಒಂದ್ಸಲ ಬ್ಲೀಚು ಜಾಸ್ತಿ ಆಗಿ
ಮುನ್ನೂರು ಪ್ಯಾಂಟು ಬೆಳ್ಳಗ ಮಾಡಿದ್ದೆ, ನೀವು ಬೈಲಿಲ್ಲ."
ಬೈದಿದ್ದೆ. ಅವನಿಗೆ ಮರೆತಿದೆ.
"ದೊಡ್ಡದು ಬ್ಯಾಡ, ಇನ್ನೂರ ಅರವತ್ತು ಲೀಟರು ಕುಡಿತೈತಿ.
ನಿಮ್ಮ ಓಣ್ಯಾಗ ನಳ ಎಂಟು ದಿನಕ್ಕೊಮ್ಮೆ.
ಇದು ನೂರಾ ಎಪ್ಪತ್ತಕ್ಕ ಸುಮ್ಮನಾಗತೈತಿ.
ಮತ್ತ ತೂತು ನಡುವಿಲ್ಲ ನೋಡ್ರಿ, ಬೆನ್ನಿಗೆ ಚುಚ್ಚಂಗಿಲ್ಲ."

ಮಂಗಳವಾರ ಬಂತು. ಮಂಚದಂತೆ ಅಡ್ಡ ಹಿಡಿದು ಮೆಟ್ಟಿಲೇರಿಸಿದರು.
ಮೈ ತೊಳೆದ ನೀರು ಪೈಪಿನಲ್ಲಿ ಹಿತ್ತಲ ನುಗ್ಗೆಗೆ,
ಆ ಷರತ್ತು ಅತ್ತೆಯದು.
ನಳದ ಸರದಿ ಶುಕ್ರವಾರ.

ಬುಧವಾರ ಮಧ್ಯಾಹ್ನ, ನಲವತ್ತೆರಡು ಡಿಗ್ರಿ,
ಮೇಲೆ ಕದ ಸರಿದ ಸದ್ದು.
ಹೋಗಿ ಇಣುಕಿದರೆ ಅತ್ತೆ ಒಳಗೆ ಕೂತಿದ್ದಾರೆ,
ಒಣ ಟಬ್ಬಿನಲ್ಲಿ, ಕಾಲು ಚಾಚಿ,
ಎಲೆಯಡಿಕೆ ಚೀಲ ಹೊಟ್ಟೆಯ ಮೇಲಿಟ್ಟು,
ಬೆರಳ ಗಣ್ಣಿನಿಂದ ಅಂಚನ್ನು ಬಡಿಯುತ್ತ,
ಅದೇನು ಹೇಳುತ್ತದೋ ಎಂದು ಕಿವಿ ಅತ್ತ ಇಟ್ಟು.

ಸದ್ದು ಮಾಡದೆ ಇಳಿದು ಬಂದು
ಚಹಾಕ್ಕೆ ಇಟ್ಟೆ.