ಹುಬ್ಬಿನಮ್ಮ – ೩

ಅವಳ ಹೆಸರಿಗೆ ದುರ್ಗಿಗುಡಿಯಲ್ಲಿ ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ.
ಒಂದೇ ಹುಬ್ಬು ಮೇಲೆತ್ತಿ ಗಂಡಸರನ್ನು ಅಳೆಯುವವಳು,
ಕಪ್ಪು ಬಿಳುಪಿನಲ್ಲೂ ತುಟಿ ಕೆಂಪಗಿದ್ದವಳು.
ಪಾಂಡುರಂಗ ಶೇಟರು ಲೆಡ್ಜರಿನಲ್ಲಿ ಬರೆದರು: ಹುಬ್ಬಿನಮ್ಮ.
ಒಂದು, ಎರಡು, ಮೂರು.
ಬಾಡಿಗೆ ದಿನಕ್ಕೆ ಐದು,
ರಿವೈಂಡ್ ಮಾಡದೆ ತಂದರೆ ಇನ್ನೊಂದು.

ಯಾರದೋ ಬಹರೇನಿನ ಪೆಟ್ಟಿಗೆಯಲ್ಲಿ ಬಂದದ್ದು.
ಹೊಸ ಕ್ಯಾಸೆಟ್ಟು ದುಬಾರಿಯೆಂದು ಶೇಟರು
ಹಳೆಯದರ ಮೇಲೇ ಇಳಿಸಿಕೊಂಡಿದ್ದರು.
ಹೊಡೆದಾಟವಿಲ್ಲ, ಹಾಡಿಲ್ಲ, ಯಾರೂ ಕೇಳರು,
ಮೆಗ್ಗಾನ್ ಆಸ್ಪತ್ರೆಯ ಗುಲಾಬಿ ಸಿಸ್ಟರ್ ಒಬ್ಬರನ್ನು ಬಿಟ್ಟು.

ನೈಟ್ ಡ್ಯೂಟಿ ಮುಗಿಸಿ, ನಾನು ಶಟರ್ ಎತ್ತುವ ಮೊದಲೇ
ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.
ಕ್ವಾರ್ಟರ್ಸಿನಲ್ಲಿ ಟಿವಿ ಇಲ್ಲ; ಅಂಗಡಿಯ ಹಿಂದಿನ ಕೋಣೆಯೇ ಥಿಯೇಟರು.
ಹೆಡ್ ಒರೆಸಲು ಅವರ ಕೈಚೀಲದಿಂದ
ಸರ್ಕಾರಿ ಸ್ಪಿರಿಟ್ಟು, ಸರ್ಕಾರಿ ಹತ್ತಿ.
ಶೇಟರು ಬಾಡಿಗೆ ಬರೆದುಕೊಳ್ಳುವರು, ಕೇಳರು.

ಏನಂದಳು ಸಿಸ್ಟರ್?
‘ಸಾರಿಗೆ ಉಪ್ಪು ಕಡಿಮೆ ಅಂತಿದಾಳೆ ಕಣೋ.’
ಅವನೇನಂದ?
‘ಅವನದು ಬಿಡು, ಎಲ್ಲಾ ಊರಲ್ಲೂ ಅದೇ.’

ಮೂರನೆಯದರ ಕೊನೆ ಹೀಗೆ:
ಮಹಡಿ ಮೆಟ್ಟಿಲ ತುದಿಯಲ್ಲಿ ಅವಳು, ಕೈಯಲ್ಲಿ ಸೂಟ್‌ಕೇಸು.
ಕೆಳಗೆ ಗಂಡ, ಕರೆಯುತ್ತಾನೆ.
ಕಟಾಂಜನದ ಮೇಲೆ ಬೆರಳು. ಎತ್ತಿದ ಹುಬ್ಬು.
ಒಂದು ಗೆರೆ, ಎರಡು ಗೆರೆ, ಸರ್ರನೆ ಬಿಳಿ ಹಿಮ,
ಆಮೇಲೆ ಭದ್ರಾವತಿಯ ಯಾರದೋ ಮದುವೆ.
ಓಲಗ. ಅಕ್ಷತೆ. ಪಂಕ್ತಿಯಲ್ಲಿ ಒಬ್ಬ ದಪ್ಪನೆಯವ
ಎಲೆಗೆ ಎರಡೂ ಕೈ ಅಡ್ಡ ಹಿಡಿದು
ಪಾಯಸ ಬೇಡ, ಬೇಡವೇ ಬೇಡ, ಅನ್ನುತ್ತಿದ್ದಾನೆ.

ದೀಪಾವಳಿಗೆ ಮುಂಚೆ ಹೊಸನಗರದಿಂದ ಮೈದುನನ ಕಾಗದ ಬಂತು:
ನಾಲ್ಕು ಜನ ಹಿರಿಯರು ಕೂರುತ್ತಾರೆ, ಆದದ್ದು ಆಯಿತು, ಬಂದುಬಿಡಿ.
ಅವತ್ತು ಬೆಳಿಗ್ಗೆ ಮೂರನೆಯದನ್ನೇ ಹಾಕಿಸಿದರು.
‘ನೋಡಿದೆಯಾ? ಇಳೀಲಿಲ್ಲ.’
ಅಂಗಡಿಯ ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು ಬರೆದರು,
ಒಂದೇ ಪದ. ಬರುವುದಿಲ್ಲ.
ಡಬ್ಬಿಗೆ ಹಾಕಿದವನು ನಾನೇ.

ಮೂವತ್ತೊಂದು ವರ್ಷ.
ಈಗ ಅದೇ ಮಳಿಗೆಯಲ್ಲಿ ನನ್ನದು ಜೆರಾಕ್ಸು, ಲ್ಯಾಮಿನೇಷನ್ನು.
ಕೊರಿಯರಿನಲ್ಲಿ ಬಂತು ಒಂದು ಪೆಟ್ಟಿಗೆ:
ಒಂಬತ್ತು ಚಿತ್ರ, ಒಂಬತ್ತು ಡಿಸ್ಕು, ಬೆನ್ನ ಮೇಲೆ ಅವಳ ಪೂರ್ತಿ ಹೆಸರು.
ಗೀರುಗಳನ್ನೆಲ್ಲ ಒಂದೊಂದಾಗಿ ಒರೆಸಿದ್ದಾರಂತೆ.
ಹೌದು, ಹುಬ್ಬಿನ ಕೂದಲು ಎಣಿಸಬಹುದು.

ಮೆಟ್ಟಿಲು ಬಂತು. ಬೆರಳು ಬಂತು.
ಹಿಮ ಬರಲಿಲ್ಲ.
ಇನ್ನೂ ಹನ್ನೊಂದು ನಿಮಿಷವಿತ್ತು.
ಅವಳು ಇಳಿದಳು. ಒಂದೊಂದೇ ಮೆಟ್ಟಿಲು.
ಸೂಟ್‌ಕೇಸು ಇಳಿಸಿದಳು. ಹುಬ್ಬೂ ಇಳಿಯಿತು.
ಬೆಳಿಗ್ಗೆ ಅಡುಗೆಮನೆಯಲ್ಲಿ ನಗುತ್ತ
ಅವನಿಗೆ ಕಾಫಿ ಬಗ್ಗಿಸಿದಳು.

ಮೂರು ದಿನ ನಾನು ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಪ್ಲೇಯರು ಬಗಲಲ್ಲಿಟ್ಟು ವಿನೋಬನಗರಕ್ಕೆ ಹೋದೆ.
ಕೇರಿಯ ಮಂದಿಗೆ ಈಗಲೂ ಇಂಜೆಕ್ಷನ್ ಚುಚ್ಚುತ್ತಾರೆ,
ಕೈ ನಡುಗುವುದಿಲ್ಲ.
ಕನ್ನಡಕ ಒರೆಸಿಕೊಂಡು, ಕಾಲು ಮಡಿಸಿ ಕೂತು, ಕೊನೆಯವರೆಗೂ ನೋಡಿದರು.
ಕಾಫಿ ಬಗ್ಗಿಸುವಾಗ ‘ಪಾಪ’ ಅಂದರು.
ಯಾರಿಗೆ ಅಂದರೋ.

ಪರದೆ ಕಪ್ಪಾದ ಮೇಲೂ ಕಾಯುತ್ತಲೇ ಇದ್ದರು.
‘ಅಲ್ಲ ಮಾರಾಯ,
ಆ ಪಾಯಸ ಬೇಡ ಅಂದವನು ಎಲ್ಲೋ?
ಅವನನ್ನೂ ಒರೆಸಿಬಿಟ್ಟರಾ?’