ಮೂರು ಗಂಟೆ

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದೆ
ಸುಗುಮಾರನ ಅಂಗಡಿ. ಗೋಡೆಯ ಮೊಳೆಗಳಿಗೆ
ಒಣಹಾಕಿದ ಹಾವುಗಳ ಹಾಗೆ ಕೇಬಲ್ಲುಗಳು.
ಟಿವಿಯಿಂದ ಆಂಪ್ಲಿಫೈಯರಿಗೆ, ಡಿಜಿಟಲ್ಲು,
ಒಂದೂವರೆ ಮೀಟರು ಸಾಕು, ಅಂದೆ.
ಬೇಡ ಅಂದರೂ ಜೊತೆಗೆ ಬಂದಿದ್ದ
ದೊರೆಸ್ವಾಮಿ ಮಾವ, ಮಡಿಚಿದ ಛತ್ರಿ ಊರಿಕೊಂಡು.

ಸುಗುಮಾರ ಮೊದಲು ಇಳಿಸಿದ್ದು ಎಲ್ಲಕ್ಕಿಂತ ಮೇಲಿನದು.
ಜಡೆ ಹೆಣೆದ ಮೈ, ಹೆಬ್ಬೆರಳಿನ ದಪ್ಪ,
ಎರಡೂ ತುದಿಗೆ ಇಪ್ಪತ್ತನಾಲ್ಕು ಕ್ಯಾರೆಟ್ಟಿನ ಲೇಪ.
ಎರಡು ಸಾವಿರದ ನಾನೂರು.
“ಬಾಸ್ ಗುಂಡಗೆ ಬರ್ತದೆ ಸಾರ್,
ಹಾಡೋರ ಗಂಟಲು ಬೆಣ್ಣೆ ಆಗೋಗ್ತದೆ.”

ಮಾವ ಕನ್ನಡಕ ಹಣೆಗೇರಿಸಿ
ಉಗುರಿನಿಂದ ಒಮ್ಮೆ ಗೀರಿ ನೋಡಿದ.
ಈ ಊರಿನಲ್ಲಿ ಬಂಗಾರ ಅನ್ನುವ ಮೊದಲು
ಎದುರಿಗೆ ಯಾರಿದ್ದಾರೆ ನೋಡಿಕೊಳ್ಳಬೇಕು.
“ಒಳಗೆ ತಾಮ್ರವೇನಪ್ಪ?”
“ಇಲ್ಲ ತಾತ, ಪ್ಲಾಸ್ಟಿಕ್ ಎಳೆ. ಅದರಲ್ಲಿ ಬೆಳಕು ಹೋಗ್ತದೆ.”
“ಬರೀ ಬೆಳಕಾ?”
“ಬರೀ ಬೆಳಕು.”
“ಮತ್ತೆ ಅದು ಬಂಗಾರವನ್ನ ಮುಟ್ಟೋದು ಎಲ್ಲಿ?”

ಸುಗುಮಾರ ಫ್ಯಾನಿನ ಕಡೆ ನೋಡಿದ.
ಅವನ ತಾತನೂ ಗಣಿಯಲ್ಲಿದ್ದವನೇ.

ಬಲಗಿವಿ ಬ್ಲಾಸ್ಟಿಂಗಿಗೆ ಹೋದ ಮೇಲೆ
ಮಾವನನ್ನು ಮೇಲಕ್ಕೆ ತಂದು
ಶಾಫ್ಟಿನ ಬಾಯಲ್ಲಿ ಗಂಟೆಗೆ ಹಾಕಿದ್ದರು.
ಪೂರ್ತಿ ಗಂಟೆಗೆ ಅರ್ಧ ಕಿವಿ!
ಕೆಳಗೆ, ಹಗಲೂ ರಾತ್ರಿಯೂ ಒಂದೇ ಆದ ಕಡೆ,
ಯಾರೋ ತಂತಿ ಜಗ್ಗಿದರೆ ಇಲ್ಲಿ ಬಡಿಯುತ್ತಿತ್ತು.
ಒಂದು, ನಿಲ್ಲಿಸು. ಎರಡು, ಇಳಿಸು.
ಮೂರು ಅಂದರೆ ಹುಷಾರು, ಬುಟ್ಟಿಯಲ್ಲಿ ಕಲ್ಲಲ್ಲ,
ಮನುಷ್ಯರಿದ್ದಾರೆ.
ತಂತಿ ತುಕ್ಕು ಹಿಡಿದಿತ್ತು, ನೀರು ತೊಟ್ಟಿಕ್ಕುತ್ತಿತ್ತು,
ಗಂಟೆಯ ಅಂಚು ಒಡೆದಿತ್ತು.
ಆದರೂ ಮೂರು ಬಡಿದರೆ ಮೂರೇ.

“ಒಳ್ಳೇ ತಂತಿ ಹಾಕಿದ್ದಿದ್ದರೆ
ಮೂರು ಇನ್ನೂ ಸ್ವಲ್ಪ ಮೂರಾಗ್ತಿತ್ತಾ?”
ಮಾವ ಕೇಳಿದ್ದು ನನ್ನನ್ನೋ ಅವನನ್ನೋ ಗೊತ್ತಾಗಲಿಲ್ಲ.
“ಕಿತ್ತುಹೋಗಬಾರದು, ಅಷ್ಟೇ. ಕಿತ್ತರೆ ಬೇರೆ ಮಾತು.”

ಆಮೇಲೆ ಕೆಂಪು ಬಿಳಿ ಪಿನ್ನಿನ ಹಳೇ ಕೇಬಲ್ಲು ತೋರಿಸಿ
ಕೆಂಪು ಬಲಕ್ಕಲ್ಲವಾ, ಅದು ನನಗೆ ದಂಡ,
ಬಿಳಿಯದೊಂದು ಬಿಡಿಸಿ ಅರ್ಧ ರೇಟಿಗೆ ಕೊಡು ಅಂದ.
ನಾವು ನಕ್ಕರೂ ಅವನು ನಗಲಿಲ್ಲ.
ಬೆಳಕಿನದರಲ್ಲಿ ಎಡ ಬಲ ಬಿಡಿ ಬರಲ್ಲ ತಾತ,
ಎರಡೂ ಒಂದೇ ಎಳೆಯಲ್ಲಿ ಹೋಗ್ತವೆ ಅಂದಾಗ
ಯಾಕೋ ಸಮಾಧಾನವಾದವನಂತೆ
ನೂರ ಎಂಬತ್ತರದ್ದನ್ನು ತಾನೇ ಜೇಬಿಗಿಳಿಸಿದ.

ಮನೆಯಲ್ಲಿ ಸದ್ದಿಲ್ಲ.
ತುದಿಯ ಪುಟ್ಟ ಟೋಪಿ ತೆಗೆಯುವುದು ಮರೆತಿದ್ದೆ.
ತೆಗೆದೆ. ಸೆಟ್ಟಿಂಗಿಗೆ ಹೋಗಿ ಪಿಸಿಎಂ ಅಂತ ಒತ್ತಿದೆ.
ಬಂತು, ಹೋಯಿತು, ಬಂತು, ಚೂರುಚೂರಾಗಿ.
ಎರಡು ಸಾವಿರದ ನಾನೂರನ್ನು ನೆನೆದು
ಒಳಗೊಳಗೇ ಮಾವನನ್ನು ಬೈದೆ.

ಅವನು ಟಿವಿಯ ಹಿಂದೆ ಕೈ ತೂರಿಸಿ
ಗೋಡೆಗೆ ಒತ್ತಿ ನಾನು ಮುರಿದಂತೆ ಮಡಿಚಿದ್ದನ್ನು
ಸಡಿಲ ಮಾಡಿದ, ದೊಡ್ಡ ಸುತ್ತು ಕೊಟ್ಟ,
ಬಾಣಂತಿಯ ಕೂಸನ್ನು ಪಕ್ಕಕ್ಕೆ ಹೊರಳಿಸುವ ಹಾಗೆ.
ಚುಚ್ಚುವ ಮೊದಲು ತುದಿಯನ್ನು ಅಂಗೈಗೆ ಹಿಡಿದ.
ಕೆಂಪು ಚುಕ್ಕಿ. ಸಾಸಿವೆಯಷ್ಟು.
ಗೆರೆಯಿಂದ ಗೆರೆಗೆ ಅದನ್ನು ನಡೆಸುತ್ತಾ
ತುಂಬ ಹೊತ್ತು ನೋಡಿದ.
ನಾನು ಅವಸರ ಮಾಡಲಿಲ್ಲ.

ಹಾಡಿಗೆ ಮುಂಚೆ
ಹಾಡುವವಳು ಉಸಿರೆಳೆದುಕೊಂಡದ್ದು ಕೇಳಿಸಿತು.
ಮಾವ ಎಡಗಿವಿ ಅತ್ತ ತಿರುಗಿಸಿ
ಟೀಪಾಯಿಯ ಮೇಲೆ ಬೆರಳಗಂಟಿನಿಂದ
ಬಡಿದ: ಒಂದು, ಎರಡು, ಮೂರು.

ಅತ್ತೆ ಅಡುಗೆಮನೆಯಿಂದಲೇ ಕೂಗಿದರು:
“ಈಗಿನ್ನೂ ಎರಡೂವರೆ,
ಕಾಫಿಗೆ ಹೊತ್ತಿದೆ!”