ಇಪ್ಪತ್ತು

ನನ್ನ ಹೆಸರು ಬೆಲಾರ್ಮಿನೊ. ಕೆಯ್ಯೋನ್ ಬಂದರಿನಾಚೆ
ಸಾಲ್ಮನ್ ಸಾಕುವ ಬಲೆಗಳ ನಡುವೆ, ದೋಣಿಯಲ್ಲಿ ಕೂತು
ಕಂಪ್ರೆಸರ್ ನೋಡಿಕೊಳ್ಳುವುದು ಕೆಲಸ. ಅಂದರೆ
ಕೆಳಗಿಳಿದವನ ಉಸಿರು ನನ್ನ ಕಾಲಬುಡದಲ್ಲಿ
ಡಬಡಬ ಅನ್ನುತ್ತಿರುತ್ತದೆ. ಕೆಮ್ಮಿದರೆ ಡೀಸೆಲ್ ಹೊಯ್ಯಬೇಕು.
ಇನ್ನೊಂದು ಕೆಲಸವೂ ಇತ್ತು: ಪುಸ್ತಕ ಬರೆಯುವುದು.

ತಾರೀಖು. ಇಳಿದವನ ಹೆಸರು. ಎಷ್ಟು ಮೀಟರ್.
ಮೂರನೆಯ ಮನೆಯಲ್ಲಿ ಬರೆಯಬೇಕಾದ್ದು ಒಂದೇ:
ಇಪ್ಪತ್ತು.
ಅಷ್ಟಕ್ಕೇ ಅವನ ಲೈಸೆನ್ಸು. ಬಲೆಯ ತಳವೋ ಮೂವತ್ತೆಂಟರಲ್ಲಿ.
ಸತ್ತ ಮೀನೆಲ್ಲ ಹೋಗಿ ಬೀಳುವುದು ಅಲ್ಲಿ;
ಸತ್ತ ಮೀನಿಗೆ ಲೈಸೆನ್ಸು ಓದಲು ಬಾರದು.

"ಬರಿ" ಅಂದ ಸೆಪುಲ್ವೆದಾ, ಮೊದಲ ದಿನ.
ಬರೆದೆ.
ಎರಡನೆಯ ದಿನ ಅವನು ಹೇಳಬೇಕಾಗಲಿಲ್ಲ.

ಆಗಸ್ಟ್ ಹನ್ನೊಂದು. ಬೆಳಗಿನಿಂದ ನಾಲ್ಕು ಸಲ ಇಳಿದಿದ್ದ ಎರ್ನಾನ್.
ಐದನೆಯದು, ಕಡಲಸಿಂಹ ಬಲೆ ಹರಿದಿದೆ, ಹೊಲಿದು ಬಾ ಅಂತ.
ಆಲೂಗಡ್ಡೆ ರೊಟ್ಟಿ ಅರ್ಧ ಕಚ್ಚಿ
ಉಳಿದರ್ಧ ನನ್ನ ಟೋಪಿಯೊಳಗಿಟ್ಟ:
"ಮುಟ್ಟಬೇಡ, ಬಂದು ತಿನ್ನುವೆ."
ಬೆಲ್ಟು ಸವೆದಿದೆ ಅಂತ ಮೂರು ಚೀಟಿ ಕೊಟ್ಟಿದ್ದೆ ಆಫೀಸಿಗೆ.
ಚೀಟಿಗಳು ಅಲ್ಲಿ ಬೆಚ್ಚಗಿದ್ದವು.
ಬೆಲ್ಟು ಕಿತ್ತಿತು. ಡಬಡಬ ನಿಂತಿತು.
ಅಷ್ಟು ಸದ್ದಿಲ್ಲದ ಕಡಲನ್ನು ಅದಕ್ಕೂ ಮೊದಲು ನಾನು ಕೇಳಿರಲಿಲ್ಲ.

ಸೋಡಾ ಬಾಟಲಿ ತೆರೆದ ಹಾಗೆ, ಅಂದರು ಡಾಕ್ಟರು,
ತಟ್ಟನೆ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆ.
ಒಂದು ಗುಳ್ಳೆ ಬೆನ್ನುಹುರಿಯಲ್ಲಿ ಬಿಡಾರ ಹೂಡಿತು.
ಒತ್ತಡದ ಕೊಠಡಿಯಿರುವ ಊರಿಗೆ ಐದು ತಾಸಿನ ದಾರಿ,
ನಡುವೆ ಒಂದು ಫೆರ್ರಿ, ಫೆರ್ರಿಗೆ ಒಂದು ಸಾಲು.
ಸೊಂಟದಿಂದ ಕೆಳಗೆ ಎರ್ನಾನ್ ಅವತ್ತಿನಿಂದ
ಯಾರೋ ಮರೆತುಹೋದ ಸಾಮಾನು.

ಪರಿಹಾರ ಕೇಳಿದರು. ಕಂಪನಿಯ ವಕೀಲನದು ಮೃದು ದನಿ:
ಇಪ್ಪತ್ತರಿಂದ ಬಂದವನಿಗೆ ಹೀಗಾಗುವುದಿಲ್ಲ, ಸ್ವಾಮಿ.
ಭಾನುವಾರ ಚಿಪ್ಪು ಹೆಕ್ಕಲು ತಾನೇ ಎಲ್ಲೋ ಮುಳುಗಿರಬೇಕು.
ಪುಸ್ತಕ ಎತ್ತಿ ಹಿಡಿದ. ನಾನೂರ ಹದಿಮೂರು ದಿನ,
ಒಂದು ಚಿತ್ತಿಲ್ಲ, ಒಂದು ಕಾಟಿಲ್ಲ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ.
ಕೋರ್ಟಿಗೆ ಬೇಕು.
ಕನ್ನಡಿ ನನ್ನ ಅಕ್ಷರದಲ್ಲಿತ್ತು,
ಅದರಲ್ಲಿ ಹುಣ್ಣು ಮಾತ್ರ ಕಾಣುತ್ತಿರಲಿಲ್ಲ.

ಒರ್ತೆನ್ಸಿಯಾಳ ಹತ್ತಿರ ಇನ್ನೊಂದು ಪುಸ್ತಕ, ಹೆಣಿಗೆಯ ಲೆಕ್ಕದ್ದು.
ಬೂಟು ಕಳಚುವ ಮೊದಲು ಗಂಡ ಒಂದು ಅಂಕಿ ಹೇಳುತ್ತಿದ್ದನಂತೆ,
ಬೇರೆಯವರು ಹವೆಯ ಸುದ್ದಿ ಹೇಳುವ ಹಾಗೆ.
*ಮೂವತ್ತೇಳು. ಮೊಣಕೈ ನೋವು.
ನೀಲಿ ಕಾಲುಚೀಲ ಎರಡು ಜೊತೆ, ದುಡ್ಡು ಬಂದಿಲ್ಲ.*
*ನಲವತ್ತೊಂದು. ಊಟ ಬೇಡ ಅಂದರು.*
ಹೆಂಡತಿ ಬರೆದದ್ದು ಸಾಕ್ಷಿಯಲ್ಲ, ಅಂದ ಮೃದು ದನಿಯವನು.
ಅವಳು ನನ್ನ ಮನೆಗೆ ಬಂದಳು. ಕೂರಲಿಲ್ಲ. ಪುಸ್ತಕ ಮೇಜಿನ ಮೇಲಿಟ್ಟು
ಓದಿ ಮುಗಿಯುವ ತನಕ ಕಿಟಕಿಯಾಚೆ ನೋಡುತ್ತ ನಿಂತಳು.
ನನ್ನ ಇಪ್ಪತ್ತುಗಳ ಎದುರು ಅವಳ ಅಂಕಿಗಳು
ಒಂದೊಂದೂ ಒಂದೊಂದು ಮುಖ.

ಸೆಪುಲ್ವೆದಾನೂ ಬಂದ. "ಉಪ್ಪುಂಡ ಮನೆಗೆ ಎರಡು ಬಗೆಯಬೇಡ."
ಉಂಡದ್ದು ಹೌದು.
ಆದರೆ ಅದು ಯಾರ ಉಪ್ಪು ಅಂತ
ಇಷ್ಟು ವರ್ಷ ಕಡಲ ಮೇಲೆ ಕೂತವನನ್ನು ಕೇಳಬೇಕೆ?

"ಇದು ನಿಮ್ಮ ಕೈಬರಹವೆ?"
ಹೌದು.
"ಆಳ ನಿಜವಾಗಿ ಎಷ್ಟು?"
ಬಾಯಿಗೆ ಇಪ್ಪತ್ತೇ ಬಂತು, ರೂಢಿ ಬಲದಿಂದ.
ನುಂಗಿದೆ. ಕೈ ಎರಡೂ ಎತ್ತಿದೆ,
ಹೋಸಿನ ಸುರುಳಿ ಬಿಚ್ಚುವ ಹಾಗೆ, ಮೊಳ ಮೊಳ,
ಎಲ್ಲರೂ ಸುಮ್ಮನೆ ನೋಡುತ್ತಿದ್ದರು, ನಾನು ನಿಲ್ಲಿಸಲಿಲ್ಲ.
ಟೈಪ್ ಮಾಡುವ ಹುಡುಗಿ ಕೇಳಿದಳು:
ಇದನ್ನು ಏನಂತ ಬರೆಯಲಿ?

ತೀರ್ಪು ಮಾರ್ಚಿಗೆ. ನನ್ನ ಕೆಲಸಕ್ಕೆ ಅಷ್ಟು ದಿನ ಹಿಡಿಯಲಿಲ್ಲ, ಅದು ಶುಕ್ರವಾರವೇ ಹೋಯಿತು.
ಕಾರಿಡಾರಿನಲ್ಲಿ ಎರ್ನಾನ್ ಗಾಲಿ ತಿರುಗಿಸಿ ಎದುರಾದ.
ಏನಾದರೂ ಅಂದುಬಿಡು ಅಂತ ಕಾದೆ.
"ಆ ರೊಟ್ಟಿ," ಅಂದ. "ನೀನೇ ತಿಂದೆ, ಅಲ್ಲವಾ?"
ತಿಂದೆ. ಅವತ್ತು ರಾತ್ರಿ.
"ಅದನ್ನೂ ಬರೆಸಬೇಕಿತ್ತು ಕಣೋ."